ಮೂಸೆಯೊಳಗೆ ಯಾರು

ಬೆಳಿಗ್ಗೆ ಚಪ್ಪರದ ಕೆಳಗೆ ಗುಡಿಸುತ್ತಿದ್ದಾಗ ಫಗನಿಯ ಪೊರಕೆಗೆ ಒಂದು ಕಿವಿ ಸಿಕ್ಕಿತು. ಬೆರಳ ತುದಿಯಷ್ಟು ಪುಟ್ಟ ಲೋಹದ ಕಿವಿ. ಹೊಟ್ಟು, ಬೂದಿ, ಕೋಳಿಪುಕ್ಕಗಳ ಜೊತೆ ಅದೂ ಅಂಗಳದ ಕಡೆಗೆ ಉರುಳಿಕೊಂಡು ಹೊರಟಿತ್ತು. ಯಾವುದೋ ಹಳೇ ನಲ್ಲಿಯ ಚೂರಿರಬೇಕು ಅಂದುಕೊಂಡು ಅವಳು ಇನ್ನೊಮ್ಮೆ ಪೊರಕೆ ಬೀಸಿದಳು. ಬಿಸಿಲಿಗೆ ಬಿದ್ದಾಗ ಅದರ ಅಂಚಿನಲ್ಲಿ ಸುರುಳಿ ಸುತ್ತಿದ ಓಲೆ ಕಂಡಿತು, ಓಲೆಯ ಸಂದಿಯಲ್ಲಿ ಹೆಪ್ಪುಗಟ್ಟಿದ ಹಳೆಯ ಅರಿಶಿನ ಕಂಡಿತು. ನಲ್ಲಿಗೆ ಯಾರೂ ಅರಿಶಿನ ಹಚ್ಚುವುದಿಲ್ಲ. ಅವಳು ಬಗ್ಗಿ ಅದನ್ನು ಎತ್ತಿಕೊಂಡು ಮುಷ್ಟಿ ಮುಚ್ಚಿದಳು, ಮುಚ್ಚಿದ ಮುಷ್ಟಿಯನ್ನು ಸೆರಗಿನೊಳಗೆ ಅಡಗಿಸಿದಳು, ಆಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದಳು. ಮೊದಲು ನೋಡಿ ಆಮೇಲೆ ಅಡಗಿಸಬೇಕಿತ್ತು. ಕಳ್ಳತನವೂ ನೆಟ್ಟಗೆ ಬಾರದ ಕೈ ಇದು ಅಂತ ತನ್ನ ಮೇಲೇ ರೇಗಿತು.

ಕಿವಿ ಘಾಟಿ ಮಾತೆಯದು. ಟೇಮ್ರಾಪಾರದ ಮುರಿಯಾ ಬುಡಕಟ್ಟಿನ ಜನರ ದೇವತೆ, ಅವರ ತಾಯಿ ಅವಳು. ಎಷ್ಟು ತಲೆಮಾರಿನವಳೋ ಯಾರಿಗೂ ಗೊತ್ತಿಲ್ಲ. ಕಳೆದ ಮಳೆಗಾಲದ ಗಾಳಿಗೆ ಸಾಲ್ ಮರವೊಂದು ಗುಡಿಯ ಮೇಲೆ ಉರುಳಿ ತಾಯಿ ಚೂರುಚೂರಾಗಿದ್ದಳು. ಊರಿನ ಪೂಜಾರಿ ಜುರು ಗಾಯ್ತಾ ಆ ಚೂರುಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ತಲೆಯ ಮೇಲಿಟ್ಟುಕೊಂಡು, ಲೋಹದ ಎರಕ ಹೊಯ್ಯುವ ಘಡ್ವಾಗಳ ಈ ಕೇರಿಗೆ ತಂದಿದ್ದ. ಹೊಸ ತಾಯಿಯನ್ನು ಎರಕ ಹೊಯ್ಯುವಾಗ ಹಳೆಯ ತಾಯಿ ಅವಳೊಳಗೆ ಇಳಿಯಬೇಕು. ಇಳಿಯದೇ ಹೋದರೆ ಅದು ಗೊಂಬೆ, ಸಂತೆಯಲ್ಲಿ ಚೌಕಾಶಿ ಮಾಡಿ ಕೊಳ್ಳುವ ಗೊಂಬೆ. ಹಾಗಾಗಿ ಈ ಕಿವಿಯೂ, ಇದರ ಜೊತೆಯ ಮೂಗು ಮೊಲೆ ಮೊಣಕಾಲುಗಳೂ ಈಗ ಅಗೋ ಆ ಗೋಣಿ ಹೊದೆಸಿ ಇಟ್ಟಿರುವ ಮಣ್ಣಿನ ಅಚ್ಚಿನ, ಲೋಹ ತುಂಬಿ ಕರಗಿಸುವ ಮೂಸೆಯೊಳಗೆ ಇರಬೇಕಾಗಿತ್ತು. ಇವತ್ತು ಮಧ್ಯಾಹ್ನ ಟೇಮ್ರಾಪಾರದವರು ಬಂದಮೇಲೆ ಅದು ಬೆಂಕಿಗೆ ಹೋಗಬೇಕು. ಕಿವಿ ಮಾತ್ರ ಸಿಕ್ಕಿದ್ದು ಕಂಬದ ಬಲಕ್ಕೆ. ತಾಯಿಯ ಮೂಸೆಯನ್ನು ಅವಳು ತುಂಬಿದ್ದು ಕಂಬದ ಎಡಕ್ಕೆ ಕೂತು. ಬಲಕ್ಕೆ ಕೂತು ತುಂಬಿದ್ದು ಆನೆಯದನ್ನು.

ಅವತ್ತಿನ ಸಂಜೆ ಅವಳಿಗೆ ಬೇಡಬೇಡವೆಂದರೂ ಕಣ್ಣಿಗೆ ಕಟ್ಟುತ್ತಿತ್ತು. ಎರಡು ಅಚ್ಚು ಒಣಗಿ ನಿಂತಿದ್ದವು, ಒಂದರೊಳಗೆ ಅವಳೇ ಮೇಣದ ಎಳೆ ಸುತ್ತಿ ಮಾಡಿದ ತಾಯಿ, ಇನ್ನೊಂದರೊಳಗೆ ಅವಳ ಗಂಡನ ಅಣ್ಣ ಸೋನಾಧರ ಮಾಡಿದ ಆನೆ. ನೆಲದ ಮೇಲೆ ಎರಡು ಗುಡ್ಡೆ, ಒಂದು ಕೆಂಪು ಬಟ್ಟೆಯ ಮೇಲೆ ತಾಯಿಯ ಚೂರು, ಇನ್ನೊಂದು ಬರೀ ನೆಲದ ಮೇಲೆ ಗುಜರಿ ಹಿತ್ತಾಳೆ. ಎರಡನ್ನೂ ಮೂಸೆಗೆ ಹಿಡಿಸುವ ಹಾಗೆ ಕುಟ್ಟಿ ಸಣ್ಣ ಮಾಡಿ ಆಗಿತ್ತು. ಅಷ್ಟರಲ್ಲಿ ಒಳಗಿನಿಂದ ಓರಗಿತ್ತಿ ಸುಕ್‌ದಯಿ ಕೂಗಿದಳು: "ದೇವರನ್ನ ಮಾಡೋ ಮಹಾರಾಣಿ, ಒಂದಿಷ್ಟು ಸಾರು ಮಾಡಿ ಹೋಗು. ನಿನ್ನ ದೇವರು ಬಂದು ಸೌಟು ಹಿಡಿಯೋದಿಲ್ಲ." ಫಗನಿ ಎದ್ದು ಹೋದಳು, ಸಾರು ಮಾಡಿದಳು, ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗದಷ್ಟು ಸಿಟ್ಟಿನಲ್ಲಿ ಮಾಡಿದಳು. ಹಿಂದಿರುಗಿದಾಗ ಕತ್ತಲಾಗುತ್ತಿತ್ತು. ಕೆಂಪು ಬಟ್ಟೆ ಇರಲಿಲ್ಲ. ಯಾರೋ ಬಿಸಿ ಗಡಿಗೆ ಇಳಿಸಲಿಕ್ಕೆ ಒಯ್ದಿದ್ದರು. ಎರಡೂ ಗುಡ್ಡೆಗಳು ಬರೀ ನೆಲದ ಮೇಲೆ ಒಂದೇ ಥರ ಕಪ್ಪಗೆ ಕೂತಿದ್ದವು. ಇದು ಇದೇ, ಅದು ಅದೇ ಎಂದು ಅವಳ ಕೈ ತೀರ್ಮಾನ ಮಾಡಿತು. ಮನಸ್ಸು ಆ ಹೊತ್ತಿಗೆ ಸುಕ್‌ದಯಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಒಂದೊಂದಾಗಿ ಮಸೆಯುತ್ತಿತ್ತು. ತುಂಬಿದಳು, ಮೇಲೆ ಹುತ್ತದ ಮಣ್ಣು ಮೆತ್ತಿ ಬಾಯಿ ಮುಚ್ಚಿದಳು. ಮುಚ್ಚಿದ ಮೇಲೆ ಮೂಸೆಯೊಳಗೆ ಏನಿದೆಯೆಂದು ಹೆತ್ತಮ್ಮನಿಗೂ ಗೊತ್ತಾಗುವುದಿಲ್ಲ. ಅಚ್ಚೂ ಮೂಸೆಯೂ ಸೇರಿ ಒಂದೇ ಮಣ್ಣಿನ ಉಂಡೆ ಅದು.

ಮಾವ ಮಂಗ್ಡು ಜಗುಲಿಯ ಮೇಲೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದ. ಅವಳು ಸೆರಗು ಹಣೆಯವರೆಗೆ ಎಳೆದುಕೊಂಡು, ಕೆಂಪಿರುವೆಯ ಚಟ್ನಿ ಇದ್ದ ದೊನ್ನೆಯನ್ನು ಅವನ ಮುಂದಿಟ್ಟು ನಿಂತಳು. ಹೇಳಿಬಿಡಬೇಕು ಅಂತಲೇ ಬಂದಿದ್ದಳು. "ಮಾವ," ಅಂದಳು. "ಹೂಂ," ಅಂದ ಅವನು, ಆಮೇಲೆ ಅವನೇ ಶುರುಮಾಡಿದ. "ಜುರು ಗಾಯ್ತಾ ನನ್ನ ಕೇಳ್ದ, ಯಾರ ಕೈ ಅಂತ. ನನ್ನ ಸೊಸೆ ಕೈ ಅಂದೆ. ಹೆಂಗಸಿನ ಕೈಯಾ ಅಂದ. ನಿಮ್ಮ ತಾಯಿನೂ ಹೆಂಗಸೇ ಅಲ್ವೇನಯ್ಯಾ ಅಂದೆ. ಬಾಯಿ ಮುಚ್ಕೊಂಡ." ಮುದುಕ ನಗುತ್ತ ಗಂಜಿ ಚೆಲ್ಲಿಕೊಂಡ. ತಾನು ಹೇಳಿದ ಮಾತಿಗೆ ತಾನೇ ಮೆಚ್ಚಿ ಇನ್ನೊಮ್ಮೆ ಹೇಳಿದ. "ಏನೋ ಹೇಳೋಕೆ ಬಂದೆಯಲ್ಲ?" ಎಂದು ಕೇಳಿದ. "ಚಟ್ನಿ ಖಾರ ಇದೆ ಮಾವ," ಅಂದಳು ಫಗನಿ.

ತವರಿನಲ್ಲಿ ಅವಳ ಅಪ್ಪನೂ ಘಡ್ವಾನೇ. ಅಲ್ಲಿ ಹೆಂಗಸರು ಎಳೆ ಎಳೆಯುವವರು. ಶಾವಿಗೆ ಒರಳಿನಂಥ ಒತ್ತಿನಲ್ಲಿ ಜೇನುಮೇಣ ತುಂಬಿ, ಎದೆಯ ಬಲವೆಲ್ಲ ಹಾಕಿ ಒತ್ತಿ, ಸಣ್ಣ ಎಳೆ ತೆಗೆಯುವವರು. ಆ ಎಳೆಯನ್ನು ಮಣ್ಣಿನ ಮೈಗೆ ಸುತ್ತಿ ಕಣ್ಣು ಮೂಗು ಕೂಡಿಸುವವರು ಗಂಡಸರು. ಒಂದು ಸಲ, ಅಪ್ಪ ಊಟಕ್ಕೆ ಎದ್ದಾಗ, ಅವಳು ಒಂದು ಹಕ್ಕಿಗೆ ಕೊಕ್ಕು ಇಟ್ಟಿದ್ದಳು. ಅಪ್ಪ ಬಂದವನು ನೋಡಿದ, ಏನೂ ಹೇಳಲಿಲ್ಲ, ಕೊಕ್ಕನ್ನು ಉಗುರಿನಿಂದ ಕಿತ್ತು ಮೇಣದ ಉಂಡೆಗೆ ಸೇರಿಸಿ ತಾನು ಬೇರೆ ಕೊಕ್ಕು ಇಟ್ಟ. ಅದು ಅವಳದ್ದರ ಹಾಗೇ ಇತ್ತು. ಈ ಮನೆಯಲ್ಲಿ ಮಂಗ್ಡು ಮಾತ್ರ, ಯಾಕೋ ಏನೋ, ಅವಳು ಇಟ್ಟ ಕಣ್ಣನ್ನು ಕೀಳಲಿಲ್ಲ. "ಈ ಕಣ್ಣು ನೋಡ್ತಾ ಇದೆ, ಇರ್ಲಿ ಬಿಡು," ಅಂದಿದ್ದ. ಆ ಒಂದು ಮಾತಿನ ಮೇಲೆ ಅವಳು ಇಷ್ಟು ವರ್ಷ ನಿಂತಿದ್ದಾಳೆ. ಈಗ ಹೋಗಿ, ಮಾವ, ನಿಮ್ಮ ಸೊಸೆಯ ಕೈ ತಾಯಿಗೂ ನಲ್ಲಿಗೂ ವ್ಯತ್ಯಾಸ ಕಾಣದ ಕೈ ಅಂತ ಹೇಳಬೇಕು. ಹೇಳಿದರೆ ಮತ್ತೆ ಒತ್ತಿನ ಮುಂದೆ ಕೂರಬೇಕು, ಸಾಯುವ ತನಕ ಎಳೆ ಎಳೆಯಬೇಕು. ಹೇಳದಿದ್ದರೆ ಟೇಮ್ರಾಪಾರದ ಜನ ನಲ್ಲಿ ಚೂರುಗಳ ಮುಂದೆ ಮಕ್ಕಳ ಜ್ವರ ಹೇಳಿಕೊಳ್ಳಬೇಕು.

ಆನೆ ಅಂಗಳದ ಮೂಲೆಯಲ್ಲಿ ನಿಂತಿತ್ತು. ನಿನ್ನೆ ಸೋನಾಧರ ಅದನ್ನು ಎರಕ ಹೊಯ್ದು, ಆರಿಸಿ, ಮಣ್ಣು ಒಡೆದು ತೆಗೆದಿದ್ದ, ಇನ್ನೂ ಉಜ್ಜಿರಲಿಲ್ಲ. ಮೊಣಕೈ ಎತ್ತರವಿಲ್ಲ, ಆದರೂ ಏನು ಠೀವಿ! ಬೆನ್ನ ಮೇಲೆ ಅಂಬಾರಿ, ಅಂಬಾರಿಯಲ್ಲಿ ಗಂಡ ಹೆಂಡತಿ, ಇಬ್ಬರ ನಡುವೆ ಒಂದು ಕೊಡೆ. ಮೈತುಂಬ ಎಳೆ, ಒಂದೂ ಹರಿದಿಲ್ಲ. ರಾಯಪುರದ ಯಾವುದೋ ಹೋಟೆಲಿನ ಬಾಗಿಲಲ್ಲಿ ನಿಲ್ಲಲಿಕ್ಕೆ ಮಾಡಿಸಿದ ಆನೆ. ಫಗನಿ ಅದರ ಮುಂದೆ ಹೋಗಿ ನಿಂತಳು. ಸುಮ್ಮನೆ ನಿಲ್ಲುವುದಕ್ಕೆ ಆಗಲಿಲ್ಲ, ಕೈ ತಾನಾಗಿ ಮುಗಿಯಿತು. ಕೈ ಮುಗಿದ ಮೇಲೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ತಾಯೀ, ನೀನು ಇದರೊಳಗೆ ಇದ್ದೀಯಾ? ಸೂಟು ಹಾಕಿದವರು ಬಂದು ಹೋಗುವ ಬಾಗಿಲಲ್ಲಿ ನಿಂತು, ಅವರ ಚಪ್ಪಲಿ ಎಣಿಸುತ್ತ ಇರಬೇಕೇ ನೀನು? ಒಂದು ಕಿವಿ ಇಲ್ಲಿ ನನ್ನ ಮುಷ್ಟಿಯಲ್ಲಿ. ಕೇಳಿಸುತ್ತಿದೆಯಾ?

ಕೇಳಬೇಕಾಗಿದ್ದುದು ಆನೆಯನ್ನಲ್ಲ. ನಿನ್ನೆ ಬೆಂಕಿಯ ಮುಂದೆ ಕೂತಿದ್ದವನು ಸೋನಾಧರ. ಮೂಸೆಯಲ್ಲಿ ಕರಗಿದ್ದು ಏನೆಂದು ಹೇಳಬಲ್ಲವನಿದ್ದರೆ ಅವನೊಬ್ಬನೇ. ಅವನನ್ನು ಕೇಳುವ ಹಾಗಿರಲಿಲ್ಲ. ಗಂಡನ ಅಣ್ಣನ ಜೊತೆ ಮಾತಾಡಕೂಡದು, ಅವನ ಹೆಸರೆತ್ತಕೂಡದು, ಅವನು ಹಿಡಿದ ವಸ್ತುವನ್ನು ಅದೇ ಹೊತ್ತಿಗೆ ಹಿಡಿಯಕೂಡದು. ಮದುವೆಯ ದಿನ ಅವಳ ಅಮ್ಮ ಹೇಳಿಕೊಟ್ಟ ಮೊದಲ ಪಾಠ ಅದು. ಗಂಡ ಚೈತು ಊರಲ್ಲಿದ್ದಿದ್ದರೆ ಅವನ ಬಾಯಲ್ಲಿ ಹೇಳಿಸಬಹುದಿತ್ತು. ಅವನು ದೀಪ ಗಂಟೆಗಳ ಮೂಟೆ ಹೊತ್ತು ಜಾತ್ರೆಗೆ ಹೋಗಿದ್ದ. ಸುಕ್‌ದಯಿಯ ಬಾಯಲ್ಲಿ ಹೇಳಿಸಿದರೆ ಕೇರಿಗೆಲ್ಲ ಡಂಗುರ. ಈ ಮನೆಗೆ ಬಂದ ಹೊಸದರಲ್ಲಿ ಫಗನಿ ಮಣ್ಣು ತೆಗೆಯುವ ಗುಂಡಿಯಲ್ಲಿ ಜಾರಿ ಸೊಂಟದವರೆಗೆ ಕೆಸರಿನಲ್ಲಿ ಹೂತುಹೋಗಿದ್ದಳು. ಹತ್ತಿರ ಇದ್ದವನು ಸೋನಾಧರ ಒಬ್ಬನೇ. ಕೈ ಕೊಡುವ ಹಾಗಿಲ್ಲ. ಅವನು ಓಡಿ ಹೋಗಿ ಬಿದಿರು ತಂದು ಒಂದು ತುದಿ ಅವಳ ಕಡೆ ಚಾಚಿದ, ಆಮೇಲೆ ಒಂದೇ ಬಿದಿರನ್ನು ಇಬ್ಬರೂ ಹಿಡಿಯಬಾರದೆಂದು ನೆನಪಾಗಿ ಬಿಟ್ಟುಬಿಟ್ಟ. ಬಿದಿರೂ ಕೆಸರಿಗೆ ಬಿತ್ತು. ಕೊನೆಗೆ ಅದನ್ನು ಮರದ ಬೇರಿಗೆ ಕಟ್ಟಿ, ಮುಖ ತಿರುಗಿಸಿ ದೂರ ನಿಂತ. ಅವಳು ಎಮ್ಮೆಯ ಹಾಗೆ ತೆವಳಿ ಮೇಲೆ ಬಂದಾಗ ಕೇರಿಯ ಹೆಂಗಸರೆಲ್ಲ ಸೇರಿದ್ದರು. ಅವತ್ತಿನ ನಗು ಇನ್ನೂ ಕೆಲವು ಬಾಯಿಗಳಲ್ಲಿ ಉಳಿದಿದೆ.

ಅವನು ಈಗ ಕುಲುಮೆಯ ಗುಂಡಿಯ ಹತ್ತಿರ ಬೆರಣಿ ಜೋಡಿಸುತ್ತಿದ್ದ. ಬೆನ್ನು ಅವಳ ಕಡೆಗಿತ್ತು. ಫಗನಿ ಸೆರಗನ್ನು ಮೂಗಿನವರೆಗೆ ಇಳಿಸಿ, ಹೊಟ್ಟಿನ ಬುಟ್ಟಿಯ ಹತ್ತಿರ ಕೆದಕುತ್ತಿದ್ದ ಕೋಳಿಯ ಪಕ್ಕದಲ್ಲಿ ಕುಕ್ಕರಿಸಿದಳು.

"ಏ ಕೋಳಿ," ಅಂದಳು. "ನಿನ್ನೆ ಆನೆ ಸುಟ್ಟಾಗ ಹೊಗೆ ಹೆಂಗಿತ್ತು ಅಂತ ನೀನೇನಾದ್ರೂ ನೋಡಿದ್ಯಾ?"

ಕೋಳಿ ತಲೆ ಓರೆ ಮಾಡಿ ನೋಡಿತು. ಸೋನಾಧರನ ಕೈ ಬೆರಣಿಯ ಮೇಲೆ ನಿಂತಿತು. ಅವನು ತಿರುಗಲಿಲ್ಲ. ಅವನು ಪಕ್ಕದಲ್ಲಿದ್ದ ಗಾಳಿಯೂದುವ ತಿದಿಯನ್ನು ಹತ್ತಿರ ಎಳೆದುಕೊಂಡು ಅದರ ಚರ್ಮದ ಧೂಳು ಒರೆಸಿದ.

"ತಿದಿಗೆ ಎಲ್ಲಾ ಗೊತ್ತಿರುತ್ತೆ," ಅಂದ, ತಿದಿಗೆ. "ಹಿತ್ತಾಳೆ ಕರಗಿದ್ರೆ ಬಿಳಿ ಹೊಗೆ ಏಳ್ಬೇಕು. ಗಂಟಲು ಕೆರೀಬೇಕು. ನಿನ್ನೆ ಯಾರಾದ್ರೂ ಕೆಮ್ಮಿದ್ರಾ?"

ಯಾರೂ ಕೆಮ್ಮಿರಲಿಲ್ಲ. ಅವಳು ಅಲ್ಲೇ ನೀರು ಹೊತ್ತು ಓಡಾಡುತ್ತಿದ್ದಳು. ಎಂದೂ ಬಿಡದ ಆ ಕೆಮ್ಮು ನಿನ್ನೆ ಇರಲಿಲ್ಲ, ಇಲ್ಲದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ತಾಯಿಯ ಹಳೆಯ ಕಂಚಾದರೆ ಬಿಳಿ ಹೊಗೆಯಿಲ್ಲದೆ ಕರಗುತ್ತದೆ. ಹಾಗಾದರೆ ಆನೆಯೊಳಗೆ ಇರುವುದು ತಾಯಿಯೇ.

"ಕೋಳಿ, ಹಾಗಾದ್ರೆ ಗೊತ್ತಿದ್ದೋರು ನಿನ್ನೇನೇ ಯಾಕೆ ಹೇಳ್ಲಿಲ್ಲ ಅಂತ ಕೇಳು," ಅಂದಳು. ಕೇಳಬಾರದಿತ್ತು. ಧ್ವನಿ ಏರಿತ್ತು.

"ಆನೆ ಚೆನ್ನಾಗಿ ಬಂದಿತ್ತು," ಅಂದ ಸೋನಾಧರ. ತಿದಿಗೂ ಅಲ್ಲ, ಅವಳಿಗೂ ಅಲ್ಲ, ಗುಂಡಿಗೆ ಹೇಳಿದ ಹಾಗಿತ್ತು. "ನಾನು ಮಾಡಿದ್ರಲ್ಲಿ ಇಷ್ಟು ಚೆನ್ನಾಗಿ ಯಾವುದೂ ಬಂದಿರ್ಲಿಲ್ಲ. ಅದಕ್ಕೇ ಬಾಯಿ ಬರ್ಲಿಲ್ಲ."

ಅವನ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವನ ಬೆನ್ನು ನೋಡುತ್ತಿದ್ದರೆ ಪಾಪ ಅನ್ನಿಸಿತು. ಇಷ್ಟು ವರ್ಷದಲ್ಲಿ ಅವನ ಮನಸ್ಸಿನ ಒಂದು ಮಾತು ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು, ಅದೂ ಇಂಥ ಮಾತು. ಈಗ ಇಬ್ಬರಿಗೂ ಗೊತ್ತು. ಇಬ್ಬರೂ ಸುಮ್ಮನಿದ್ದರೆ ಮೂರನೆಯವರಿಗೆ ಗೊತ್ತಾಗುವುದಿಲ್ಲ. ಅಚ್ಚು ಬೆಂಕಿಗೆ ಹೋಗುತ್ತದೆ, ಯಾರಾದರೂ ಕೆಮ್ಮಿದರೆ ಕೆಮ್ಮಲಿ, ತಾಯಿ ಫಳಫಳ ಹೊರಗೆ ಬರುತ್ತಾಳೆ, ಜುರು ಗಾಯ್ತಾ ಅವಳನ್ನು ಹೊತ್ತು ಕುಣಿಯುತ್ತ ಹೋಗುತ್ತಾನೆ. ಕಿವಿಯನ್ನು ತೋಡಿಗೆ ಎಸೆದರಾಯಿತು. ಎಷ್ಟು ಸುಲಭ! ಅವಳು ಇಷ್ಟಿಷ್ಟೇ ಅದರ ಕಡೆಗೆ ವಾಲಿದಳು, ಮನಸ್ಸಿನಲ್ಲೇ ತೋಡಿನವರೆಗೂ ಹೋಗಿ ಬಂದಳು. ಆದರೆ ತಾನು ಇಟ್ಟ ಕಣ್ಣುಗಳು ನೆನಪಾದವು. ಮಣ್ಣಿನೊಳಗೆ, ಮೇಣದಲ್ಲಿ, ಹೊಸ ತಾಯಿಗೆ ಅವಳು ಎರಡು ಕಣ್ಣು ಇಟ್ಟಿದ್ದಳು, ಮೂರು ಸಲ ಕಿತ್ತು ಮತ್ತೆ ಇಟ್ಟಿದ್ದಳು. ಅವು ಗೊಂಬೆಯ ಕಣ್ಣಾಗುತ್ತವೆ ಅನ್ನುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಧರ್ಮ ಗಿರ್ಮ ಆಮೇಲಿನ ಮಾತು. ತಾನು ಮಾಡಿದ್ದು ಸುಳ್ಳಾಗಬಾರದು, ಅಷ್ಟೇ.

ಟೇಮ್ರಾಪಾರದವರು ಬಂದಾಗ ಡೋಲು ಮೊದಲು ಬಂತು, ಆಮೇಲೆ ಜನ. ಒಂದು ಕೆಂಪು ಹುಂಜ, ಒಂದು ಬುಟ್ಟಿ ಅಕ್ಕಿ, ಸೋರೆಬುರುಡೆಗಳಲ್ಲಿ ಇಪ್ಪೆ ಹೂವಿನ ಹೆಂಡ. ಮುಂದೆ ಜುರು ಗಾಯ್ತಾ, ಅವನ ಹಿಂದೆ ಸೊಂಟ ಬಗ್ಗಿದ ರಾಜೋ ಅಜ್ಜಿ; ವರ್ಷ ವರ್ಷ ತಾಯಿಯನ್ನು ಮೀಯಿಸುತ್ತಿದ್ದವಳು ಅವಳೇ. ಫಗನಿ ಅಂಗಳದ ನಡುವೆ ಹೋಗಿ ನಿಂತು, ಉಸಿರು ಬಿಗಿಹಿಡಿದು ಹೇಳಿಬಿಟ್ಟಳು. ಡೋಲಿನ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಗಾಯ್ತಾ ಹಲ್ಲು ಬಿಟ್ಟು, "ಹೂಂ ತಾಯಿ, ಎಲ್ಲಾ ಚೆನ್ನಾಗಿದೀವಿ," ಅಂದ. ಜೀವ ಒತ್ತೆಯಿಟ್ಟು ಹೇಳಿದ ಮಾತನ್ನು ಇನ್ನೊಂದು ಸಲ ಹೇಳಬೇಕಾಗಿ ಬಂದ ಅವಮಾನದಲ್ಲಿ ಅವಳು ಕಿರುಚಿದಳು. ಅದೇ ಹೊತ್ತಿಗೆ ಡೋಲು ನಿಂತಿತ್ತು. "ನಿಮ್ಮ ತಾಯಿ ಆನೆಯೊಳಗೆ ಹೋಗಿದಾಳೆ! ನಾನೇ ಹಾಕ್ದೆ!"

ಹುಂಜ ಬೆದರಿ ರೆಕ್ಕೆ ಬಡಿಯಿತು. ಫಗನಿ ಮುಷ್ಟಿ ಬಿಚ್ಚಿ ಕಿವಿ ತೋರಿಸಿದಳು. ರಾಜೋ ಅಜ್ಜಿ ಅದನ್ನು ತೆಗೆದುಕೊಂಡು ಓಲೆಯ ಮೇಲೆ ಹೆಬ್ಬೆರಳಾಡಿಸಿದಳು. ಆಮೇಲೆ ಕುಂಟುತ್ತ ಆನೆಯ ಹತ್ತಿರ ಹೋಗಿ, ಬೆರಳ ಗೆಣ್ಣಿನಿಂದ ಅದರ ಹೊಟ್ಟೆಗೆ ತಟ್ಟಿ, ಕಿವಿಗೊಟ್ಟು, ಸೊಂಡಿಲಿಗೆ ಒಂದು ಏಟು ಹಾಕಿದಳು.

"ಅಯ್ಯೋ ನಿನ್ನ! ತಿರುಗಾಟದ ಚಾಳಿ ಬಿಡಲ್ವಲ್ಲೇ ನೀನು! ಹೋಟ್ಲು ನೋಡೋ ಆಸೆ ಬಂತಾ ಈ ವಯಸ್ಸಲ್ಲಿ?"

ಜನ ಗೊಳ್ಳೆಂದರು. ತಪ್ಪು ಮಾಡಿದ ದೇವರನ್ನು ಎಳೆದು ತಂದು ನ್ಯಾಯ ಕೇಳುವ ಜನ ಅವರು. ಘಾಟಿ ಮಾತೆಯನ್ನು ಹಿಂದೆಯೂ ಎರಡು ಸಲ ಬಯ್ದು ದಂಡ ಹಾಕಿದ್ದರು. ಗಾಯ್ತಾನೂ ನೆಮ್ಮದಿಯಿಂದ ತಲೆಯಾಡಿಸಿದ. "ಅವ್ಳೇ ಹೋಗಿದಾಳೆ ಬಿಡವ್ವ. ತಾಯಿ ಮನಸ್ಸು ಮಾಡ್ದೆ ಯಾರು ಅವಳನ್ನ ಎಲ್ಲಿಗೆ ಹಾಕೋಕಾಗುತ್ತೆ? ತಪ್ಪು ಅವ್ಳದು."

ತೆರೆದ ಬಾಗಿಲು ಅದು. ಹೌದು ಅಂದರೆ ಸಾಕಾಗಿತ್ತು. "ಇಲ್ಲ," ಅಂದಳು ಫಗನಿ. "ತಾಯಿ ಮೇಲೆ ಹಾಕ್ಬೇಡಿ. ಸಿಟ್ಟಲ್ಲಿ ತುಂಬ್ದೆ. ನೋಡ್ದೆ ತುಂಬ್ದೆ. ತಪ್ಪು ನನ್ನದು."

"ಬಟ್ಟೆ ತಗೊಂಡ್ಹೋದೋಳು ನಾನು," ಅಂತ ಬಾಗಿಲಿನಿಂದ ಸುಕ್‌ದಯಿ ಅಂದಳು. ಎಲ್ಲರೂ ಆ ಕಡೆ ತಿರುಗಿದರು. ಅವಳ ಮುಖ ಕೆಂಪೇರಿತ್ತು. "ಗಡಿಗೆ ಸುಡ್ತಿತ್ತು. ಕೈಗೆ ಸಿಕ್ತು, ತಗೊಂಡೆ. ಸಿಟ್ಟು ಬರಿಸಿದ್ದೂ ನಾನೇ."

"ಹೊಗೆ ನೋಡಿದೋನು ನಾನು," ಅಂದ ಸೋನಾಧರ, ನೆಲ ನೋಡುತ್ತ. "ನೋಡಿ ಸುಮ್ನಿದ್ದೆ."

ಗಾಯ್ತಾ ಹಣೆ ಚಚ್ಚಿಕೊಂಡ. "ಏನ್ರಪ್ಪಾ ಇದು, ಆಸ್ತಿಗೆ ಜಗಳ ಆಡೋರನ್ನ ನೋಡಿದೀನಿ, ತಪ್ಪಿಗೆ ಇಷ್ಟು ಜನ ಹಕ್ಕುದಾರರು ಇರೋ ಮನೇನ ನೋಡಿಲ್ಲ. ಆಯ್ತು, ಎಲ್ಲರದೂ ತಪ್ಪು. ಈಗ ಏನು ಮಾಡ್ತೀರಿ ಹೇಳಿ."

ಎಲ್ಲರಿಗೂ ಗೊತ್ತಿದ್ದ ಮಾತು, ಅದನ್ನು ಹೇಳಬೇಕಾದವನು ಒಬ್ಬನೇ. ಸೋನಾಧರ ಹೋಗಿ ಆನೆಯನ್ನು ಎತ್ತಿಕೊಂಡ. ಮಗುವನ್ನು ಎತ್ತಿದ ಹಾಗೆ ಎತ್ತಿ, ಅಂಬಾರಿಯ ಮೇಲಿನ ಮಣ್ಣನ್ನು ಉಫ್ ಎಂದು ಊದಿದ. ಆಮೇಲೆ ಅದನ್ನು ಕೆಂಡದ ಮೇಲಿಟ್ಟು ತಿದಿ ಒತ್ತತೊಡಗಿದ. ಮೈ ಕೆಂಪಾದ ಮೇಲೆ ಕಂಚು ಗಡುಸು ಕಳೆದುಕೊಂಡು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮಂಗ್ಡು ಇಕ್ಕಳದಿಂದ ಹಿಡಿದ, ಮಗ ಸುತ್ತಿಗೆ ಎತ್ತಿದ. ಮೊದಲ ಏಟು ಕೊಡೆಗೆ, ಆಮೇಲೆ ಗಂಡ ಹೆಂಡತಿಗೆ. ಫಗನಿಗೆ ನೋಡಲಾಗಲಿಲ್ಲ, ಆದರೂ ನೋಡಿದಳು. ನೋಡದೆ ಇರುವ ಹಕ್ಕು ತನಗಿಲ್ಲ ಅನ್ನಿಸಿತು. ಅವನ ಮುಖದಲ್ಲಿ ನೀರು ಇಳಿಯುತ್ತಿತ್ತು. ಬೆವರು ಅಂತ ಎಲ್ಲರೂ ಅಂದುಕೊಂಡರು, ಅವಳೂ ಅಂದುಕೊಂಡಳು. ಹೋಟೆಲಿನವರಿಗೆ ಏನು ಹೇಳುವುದೆಂದು ಸುಕ್‌ದಯಿ ಕೇಳಲಿಲ್ಲ. ಕೇಳದೇ ಇರುವುದು ಅವಳಿಗೆ ಎಷ್ಟು ಕಷ್ಟವಾಗಿರಬೇಕು!

ತಾಯಿಯ ಮೂಸೆಯನ್ನು ಫಗನಿ ಒಡೆದಳು. ಅಚ್ಚಿಗೆ ಪೆಟ್ಟಾಗದ ಹಾಗೆ, ಉಳಿಯಿಂದ ಮಣ್ಣನ್ನು ಪದರ ಪದರವಾಗಿ ಕೆರೆದು ಬಾಯಿ ತೆರೆದಳು. ಒಳಗಿನಿಂದ ಒಂದೊಂದಾಗಿ ಬಂದವು: ನಲ್ಲಿಯ ತಿರುಪು, ಸೌಟಿನ ಹಿಡಿ, ಬೀಗದ ಮುಖ. ರಾಜೋ ಅಜ್ಜಿ ಎದುರಿಗೆ ಕೂತು, ಬಂದದ್ದನ್ನೆಲ್ಲ ಒಂದೂ ಬಿಡದೆ ಬೈಯುತ್ತಿದ್ದಳು: "ಇದೇನು, ತಾಯಿ ಹೊಟ್ಟೇಲಿ ಬೀಗ!" ಆಮೇಲೆ ಆನೆಯ ಚೂರುಗಳು ಒಳಗೆ ಹೋದವು, ಎಲ್ಲಕ್ಕಿಂತ ಮೇಲೆ ಕಿವಿ. ಅಜ್ಜಿ ಕಿವಿಯನ್ನು ತನ್ನ ಕೈಯಿಂದ ಇಡಲಿಲ್ಲ. ಫಗನಿಗೆ ಕೊಟ್ಟು, "ನೀನೇ ಇಡು," ಅಂದಳು. ಹುತ್ತದ ಮಣ್ಣಿಗೆ ಹೊಟ್ಟು ಕಲಸಿ ಬಾಯಿ ಮುಚ್ಚುವಾಗ ಫಗನಿ ತನ್ನ ಮನಸ್ಸಿನೊಳಗೆ ಇಣುಕಿ ನೋಡಿಕೊಂಡಳು. ಭಯ ಇತ್ತು. ಸಿಟ್ಟು ಇರಲಿಲ್ಲ. ಸರಿ ಅಂದುಕೊಂಡು ಮೆತ್ತಿದಳು. ಅದು ಕೆಂಡದ ಬಿಸಿಗೆ ಒಣಗುವ ತನಕ ಜನ ಅನ್ನ ಉಂಡರು, ಹೆಂಡ ಕುಡಿದರು, ಡೋಲಿನವನು ಮಾವಿನ ನೆರಳಲ್ಲಿ ಗೊರಕೆ ಹೊಡೆದ.

ಬಿಸಿಲು ಓರೆಯಾದಾಗ ಅಚ್ಚನ್ನು ಗುಂಡಿಗೆ ಇಳಿಸಿದರು, ಮೂಸೆ ಕೆಳಗೆ, ಅಚ್ಚು ಮೇಲೆ. ಲೋಹ ಕರಗಿದ ಮೇಲೆ ಇಡೀ ಉಂಡೆಯನ್ನು ಇಕ್ಕಳದಿಂದ ಎತ್ತಿ ತಲೆಕೆಳಗು ಮಾಡಬೇಕು. ಆಗ ಲೋಹ ಮೇಣ ಉರಿದುಹೋದ ದಾರಿಯಲ್ಲಿ ಇಳಿಯುತ್ತದೆ. ಒಂದು ಗಳಿಗೆ ಮೊದಲಾದರೆ ಅರ್ಧಕ್ಕೆ ನಿಲ್ಲುತ್ತದೆ, ಒಂದು ಗಳಿಗೆ ತಡವಾದರೆ ಮೂಸೆ ಸೀಳುತ್ತದೆ. ಮೂಸೆಯ ಸುತ್ತ ಏಳುವ ಹಸಿರು ಉರಿಯೇ ಗುರುತು. ಇಕ್ಕಳ ಹಿಡಿದವನು ಆ ಕಡೆ ನಿಂತಿರುತ್ತಾನೆ, ಅವನಿಗೆ ಕಾಣುವುದಿಲ್ಲ. ಈ ಕಡೆ ಉರಿ ಕಾಣುವ ಕಂಡಿಯ ಮುಂದೆ ಕೂತವನು ಹೇಳಬೇಕು. ದೇವರ ಎರಕಕ್ಕೆ ಕಂಡಿಯ ಮುಂದೆ ಕೂರುತ್ತಿದ್ದವನು ಯಾವಾಗಲೂ ಮಂಗ್ಡು. ಇವತ್ತೂ ಕೂತ, ಬಗ್ಗಿ ನೋಡಿದ, ಇನ್ನೂ ಬಗ್ಗಿ ನೋಡಿದ. ಆಮೇಲೆ ನೆಲಕ್ಕೆ ಕೈಯೂರಿ ಎದ್ದ.

"ಎಲ್ಲರೂ ಅವರವರದ್ದು ಹೇಳಿದ್ದಾಯ್ತು, ನನ್ನದೊಂದು ಬಾಕಿ ಇದೆ," ಅಂದ. "ನನಗೆ ಹಸಿರು ಕಾಣಲ್ಲ. ಕಳೆದ ಮಳೆಗಾಲದ ಮೊದಲ ಮಳೆಗೇ ಹೋಯ್ತು. ಎಲ್ಲಾ ಹಳದಿ. ಶಾಖದ ಅಂದಾಜಿನ ಮೇಲೆ ದಿನ ನೂಕಿದೆ. ಇವತ್ತು ಅಂದಾಜು ಆಗಲ್ಲ. ಫಗನಿ, ಕೂತ್ಕೋ."

ಹೇಳಿಕೊಂಡು ಹಗುರಾದವನ ಹಾಗೆ ಜಗುಲಿಗೆ ಹೋಗಿ ಕೂತ. ಫಗನಿ ಕಂಡಿಯ ಮುಂದೆ ಕೂತಳು. ಸೆರಗು ಮುಂದಕ್ಕೆ ಬಂದು ಕಣ್ಣಿಗೆ ಅಡ್ಡವಾಯಿತು. ಹಿಂದಕ್ಕೆ ತಳ್ಳಿದಳು, ಮತ್ತೆ ಬಂತು, ಕೊನೆಗೆ ಅದನ್ನು ಸೊಂಟಕ್ಕೆ ಬಿಗಿದಳು. ಶಾಖ ಮುಖಕ್ಕೆ ಹೊಡೆಯಿತು. ಕೆಂಪು, ಕಿತ್ತಳೆ, ಮತ್ತೆ ಕೆಂಪು. ಮೇಣ ಉರಿದ ವಾಸನೆ ಬಂದು ಹೋಯಿತು. ಒಂದೊಂದು ಎಳೆಯಾಗಿ ತಾನು ಸುತ್ತಿದ್ದೆಲ್ಲ ಈಗ ಒಳಗೆ ಇಲ್ಲ. ಕೂದಲಿಲ್ಲ, ಬಳೆಯಿಲ್ಲ, ಕಣ್ಣಿಲ್ಲ, ಅವುಗಳ ಜಾಗ ಮಾತ್ರ ಇದೆ. ಆ ಖಾಲಿ ಜಾಗವನ್ನು ಅವಳು ಉಸಿರು ಹಿಡಿದು ಕಾದಳು. ಯಾರೂ ಕೆಮ್ಮಲಿಲ್ಲ. ಆ ಕಡೆ ಸೋನಾಧರನ ಕಾಲುಗಳು ಕಾಣುತ್ತಿದ್ದವು, ಹೆಬ್ಬೆರಳುಗಳು ನೆಲ ಕಚ್ಚಿ ನಿಂತಿದ್ದವು. ಕಿತ್ತಳೆಯ ಬುಡದಲ್ಲಿ ಏನೋ ಅಲುಗಿತು. ಹಸಿರೇ? ಹಾಗೆ ಅನ್ನಿಸಿತು, ಹೋಯಿತು. ಮತ್ತೆ ಬಂತು, ಎಳೆ ಹುಲ್ಲಿನ ತುದಿಯಷ್ಟು. ಇನ್ನೂ ಇಲ್ಲ, ಇನ್ನೂ ಇಲ್ಲ. ಹಸಿರು ಮೂಸೆಯ ಬುಡದವರೆಗೆ ಸುತ್ತಿಕೊಂಡಿತು.

"ಭಾವಾ!" ಎಂದು ಅವಳು ಕೂಗಿದಳು. "ತಿರುಗ್ಸಿ!"

ಇಕ್ಕಳ ಇಳಿಯಿತು, ಕಚ್ಚಿತು, ಎತ್ತಿತು. ಕೆಂಪಗೆ ಉರಿಯುವ ಉಂಡೆ ಗಾಳ ಕಚ್ಚಿದ ಮೀನಿನ ಹಾಗೆ ಒಮ್ಮೆ ಹೊರಳಿ ಮರಳಿನ ಮೇಲೆ ತಲೆಕೆಳಗಾಗಿ ಕೂತಿತು. ಒಳಗೆ ಗುಳುಗುಳು ಸದ್ದಾಯಿತು, ನಿಂತಿತು. ಆಗ ಫಗನಿಗೆ ತಾನು ಏನು ಕೂಗಿದೆ ಎಂದು ಕೇಳಿಸಿತು. ಆ ಶಬ್ದ ಅವಳ ನಾಲಿಗೆಯ ಮೇಲೆ ಈ ಮೊದಲು ಬಂದಿರಲೇ ಇಲ್ಲ. ತಲೆ ಮೇಲೆ ಸೆರಗೂ ಇರಲಿಲ್ಲ. ಕೇರಿಯ ಹೆಂಗಸರು ಬೇಲಿಯಾಚೆ ನಿಂತಿದ್ದರು, ಯಾರೂ ನಗಲಿಲ್ಲ. ಸುಕ್‌ದಯಿ ನೀರಿನ ಚೊಂಬು ಹಿಡಿದು ಬಂದವಳು ಅದನ್ನು ಗಂಡನಿಗೆ ಕೊಡಲಿಲ್ಲ, ಮೊದಲು ಫಗನಿಗೆ ಕೊಟ್ಟಳು.

ಸೋನಾಧರ ಇಕ್ಕಳ ಕೆಳಗಿಟ್ಟ. ಮುಖ ಒರೆಸಿಕೊಂಡ. ನೇರವಾಗಿ ಅವಳ ಕಡೆ ತಿರುಗಿದ.

"ನೀನು ತಡ ಮಾಡ್ದೆ," ಅಂದ. "ಇನ್ನೊಂದು ಉಸಿರು ಮೊದ್ಲೇ ಹೇಳ್ಬೇಕಿತ್ತು."

ಅವಳು ಚೊಂಬು ಕೆಳಗಿಟ್ಟಳು. "ಇಲ್ಲ ಭಾವ," ಅಂದಳು ಫಗನಿ. "ಹಸಿರು ಬುಡಕ್ಕೆ ಬರೋ ತನಕ ಕಾದೆ. ಸರಿಯಾಗೇ ಹೇಳ್ದೆ."

ಅವನು ಅಚ್ಚಿನ ಸುತ್ತ ಒಂದು ಸುತ್ತು ಬಂದ, ಬಗ್ಗಿ ಮೂಸೆಯ ಬಿರುಕು ನೋಡಿದ, ಏನೋ ಲೆಕ್ಕ ಹಾಕಿದ.

"ಇರಬಹುದು," ಅಂದ. "ಆರಿದ್ಮೇಲೆ ನೀನೇ ಒಡಿ. ನೋಡೋಣ."